ಹಳೆಯ ಬಂದೂಕೆಲ್ಲ ಸೇನಾ ರೈಫಲ್ ಆಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಸೋದರಮಾವನ ವಾಡೆಯಲ್ಲಿ ಉದ್ದನೆಯ ಹಳೆ ಬಂದೂಕೊಂದು ಇದೆ, ಮನೆಯವರು ಅದನ್ನು "ಕಿತ್ತೂರು ಕಾಲದ ಮಿಲಿಟರಿ ರೈಫಲ್" ಅಂತಾರೆ, ಇದು ನಿಜವಾ, ಇಂಥವನ್ನು ಯಾವ ಲೆಕ್ಕದಲ್ಲಿ ವಿಂಗಡಿಸ್ತಾರೆ? ನಾನು ಬೆಳಗಾವಿಯವನು. 1922ರಿಂದ ಮರಾಠಾ ರೆಜಿಮೆಂಟಿನ ಕೇಂದ್ರ ಇರುವ ಊರು, ಮಾಜಿ ಸೈನಿಕರಿಗೆ ಬರ ಇಲ್ಲ. ಅವರ ಮಾತು ಕೇಳ್ತಾ ಕೇಳ್ತಾನೇ ನನಗೆ ಈ ಹುಚ್ಚು ಹಿಡಿದದ್ದು.

ವಯಸ್ಸು ಒಂದೇ ಸಾಲದು. ಯಾವುದಾದರೂ ಸೈನ್ಯ ಅದನ್ನು ತನ್ನ ಮಾದರಿ ಅಂತ ಒಪ್ಪಿ ಸಿಪಾಯಿಗಳಿಗೆ ಕೊಟ್ಟಿರಬೇಕು. ಜೊತೆಗೆ ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳಿರಬೇಕು. ಆ ಗೀರುಗಳಿಂದಲೇ ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಗೀರಿಲ್ಲದೆ ನುಣುಪಾಗಿದ್ದರೆ ಅದು ಮಸ್ಕೆಟ್, ಎಷ್ಟೇ ಹಳೆಯದಿರಲಿ, ಎಷ್ಟೇ ಯುದ್ಧ ಕಂಡಿರಲಿ.

ಈಗ ಕಿತ್ತೂರಿನ ಮಾತು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಆ ಕಾಳಗದ ಕಾಲಕ್ಕೆ ಕಂಪನಿಯ ಮಾಮೂಲಿ ಸಿಪಾಯಿಗೆ ಸಿಗುತ್ತಿದ್ದದ್ದು ಬ್ರೌನ್ ಬೆಸ್, ಅಂದರೆ ಚಕಮಕಿ ಕಲ್ಲಿನ ನುಣುಪು ಮಸ್ಕೆಟ್. ರೈಫಲ್ ಆಗಲೇ ಇರಲಿಲ್ಲ ಅಂತಲ್ಲ. ಬ್ರಿಟಿಷರ ಬೇಕರ್ ರೈಫಲ್ 1800ರದ್ದು, ನಳಿಗೆಯಲ್ಲಿ ಏಳು ಗೀರು. ಆದರೆ ಗೀರಿಗೆ ಬಿಗಿಯಾಗಿ ಕೂರುವ ಗುಂಡನ್ನು ನಳಿಗೆಯ ಬಾಯಿಂದ ತುರುಕಲು ತುಂಬಾ ಹೊತ್ತು ಹಿಡೀತಿತ್ತು, ಹಾಗಾಗಿ ಅದು ಆಯ್ದ ಕೆಲವು ಪಡೆಗಳಿಗೆ ಮಾತ್ರ. ಫ್ರೆಂಚರ ಮಿನಿಯೆ ಗುಂಡು ಬಂದ ಮೇಲೆ ಆ ತೊಡಕು ಹೋಯಿತು: ಅಡಿ ಟೊಳ್ಳು, ಸುಲಭವಾಗಿ ಒಳಗೆ ಇಳಿಯುತ್ತದೆ, ಮದ್ದು ಸಿಡಿದಾಗ ಹಿಗ್ಗಿ ಗೀರು ಹಿಡಿಯುತ್ತದೆ. ಆಗಲೇ ರೈಫಲ್ ಎಲ್ಲ ಕಾಲಾಳುಗಳ ಕೈಗೆ ಬಂದದ್ದು. 1853ರ ಎನ್‌ಫೀಲ್ಡ್ ಅದೇ ಜಾತಿಯದ್ದು, .577 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ, ಇಂಚಿನಲ್ಲಿ), ಮೂರು ಗೀರು, ನಳಿಗೆಯನ್ನು ಮರಕ್ಕೆ ಬಿಗಿದ ಮೂರು ಪಟ್ಟಿ. 1857ರಲ್ಲಿ ಕೊಬ್ಬು ಸವರಿದ ತೋಟಾದ ಗಲಾಟೆ ಎದ್ದದ್ದು ಇದೇ ಬಂದೂಕಿನಿಂದ.

ನನಗೆ ಸಿಟ್ಟು ಬರೋದು ಅದರ ಮುಂದಿನ ಕಥೆಗೆ. ದಂಗೆಯಾದ ಮೇಲೆ ಭಾರತೀಯ ಸಿಪಾಯಿಗಳಿಗೆ ಅಂತಲೇ ಹೊರಗಿನಿಂದ ಥೇಟ್ ಎನ್‌ಫೀಲ್ಡ್ ಹಾಗೇ ಕಾಣುವ, ಒಳಗೆ ಗೀರೇ ಇಲ್ಲದ ಬಂದೂಕು ಮಾಡಿಸಿದರು. ಅದೇ ಮರ, ಅದೇ ಮೂರು ಪಟ್ಟಿ, ನಳಿಗೆ ಮಾತ್ರ ನುಣುಪು. ಸಿಪಾಯಿಯ ಗುಂಡು ದೂರದ ಗುರಿ ಮುಟ್ಟಬಾರದು, ಅಷ್ಟೇ ಉದ್ದೇಶ. ಆಮೇಲೂ ಅದೇ ಚಾಳಿ: ಗೋರಾ ಪಲ್ಟನ್ನಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಅವರು ಬಿಟ್ಟ ಸ್ನೈಡರ್, ಅವರಿಗೆ ಲೀ-ಮೆಟ್‌ಫೋರ್ಡ್ ಬಂದಾಗ ನಮಗೆ ಮಾರ್ಟಿನಿ. ಅದಕ್ಕೇ ಬಂದೂಕನ್ನು ವಿಂಗಡಿಸುವಾಗ ಯಾವ ಇಸವಿಯ ಮಾದರಿ ಅನ್ನೋದರ ಜೊತೆಗೆ ಯಾರ ಕೈಗೆ ಕೊಟ್ಟದ್ದು ಅಂತಲೂ ಕೇಳಬೇಕು.

ಗೀರು ಇದೆ ಅಂತಾದರೆ ಮುಂದೆ ನೋಡೋದು ತುಂಬುವ ರೀತಿ. 1853ರದ್ದು ಬಾಯಿಂದ. 1866ರ ಸ್ನೈಡರ್ ಹಿಂದಿನಿಂದ, ಪಕ್ಕಕ್ಕೆ ತೆರೆಯುವ ಮುಚ್ಚಳ. 1871ರ ಮಾರ್ಟಿನಿಗೆ ಕೆಳಗೆ ಸನ್ನೆಕೋಲು ಇರುತ್ತದೆ, ಒಮ್ಮೆಗೆ ಒಂದೇ ತೋಟಾ. 1888ರ ಲೀ-ಮೆಟ್‌ಫೋರ್ಡಿನಿಂದ ಬೋಲ್ಟು (ಕೈಯಿಂದ ಹಿಂದೆ ಮುಂದೆ ಎಳೆಯುವ ಅಗುಳಿ) ಮತ್ತು ಮ್ಯಾಗಜಿನ್ (ಹಲವು ತೋಟಾ ಹಿಡಿಯುವ ಪೆಟ್ಟಿಗೆ). ಅದರ ಬೋರು .303, ಎನ್‌ಸಿಸಿಯಲ್ಲಿದ್ದವರೆಲ್ಲ ಬಲ್ಲ ತ್ರೀ ನಾಟ್ ತ್ರೀ. ಅದರ ಗೀರುಗಳಿಗೆ ಆಳ ಕಮ್ಮಿ, ಹೊಸ ಹೊಗೆರಹಿತ ಮದ್ದಿನ ಕಾವಿಗೆ ಬೇಗ ಸವೆದವು. ಹಾಗಾಗಿ 1895ರಲ್ಲಿ ಬೇರೆ ಥರ ಐದು ಗೀರು ಹಾಕಿ ಲೀ-ಎನ್‌ಫೀಲ್ಡ್ ಅಂತ ಹೆಸರಿಟ್ಟರು. ಉದ್ದವೂ ಲೆಕ್ಕಕ್ಕೆ ಬರುತ್ತದೆ, ಕುದುರೆ ಸವಾರರದ್ದು ಗಿಡ್ಡ, ಅದು ಕಾರ್ಬೈನ್.

ಈ ತ್ರೀ ನಾಟ್ ತ್ರೀಯಲ್ಲೇ ಜಾಸ್ತಿ ಜನ ಎಡವೋದು. ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಲೀ-ಎನ್‌ಫೀಲ್ಡ್ ಹಿಡಿದು, ಬೋಲ್ಟಿನ ಹಿಡಿಯ ಕೆಳಗೆ, ಮರ ಶುರುವಾಗುವ ಮುಂಚೆ ಇರುವ ಉಕ್ಕಿನ ಬಳೆಯ ಬಲಮಗ್ಗುಲು ನೋಡಿ. ಕಿರೀಟ, ಜಿ.ಆರ್.ಐ. (ಜಾರ್ಜ್ ದೊರೆಯ ಮುದ್ರೆ), ಇಶಾಪುರ, ಇಸವಿ, ಮಾದರಿಯ ಸಂಖ್ಯೆ, ಎಲ್ಲ ಒಂದರ ಕೆಳಗೊಂದು ಕೊರೆದಿರುತ್ತದೆ. ಇಷ್ಟು ಸಿಕ್ಕರೆ ಅರ್ಧ ಕೆಲಸ ಮುಗೀತು, ಪೂರ್ತಿ ಅಲ್ಲ. ಯಾಕಂದ್ರೆ ಪೊಲೀಸರಿಗಾಗಿ ಇವೇ ರೈಫಲ್‌ಗಳನ್ನು .410 ಬೋರಿಗೆ ಬದಲಿಸಿ, ಗೀರಿಲ್ಲದ ಒಂಟಿ ಗುಂಡಿನ ಮಸ್ಕೆಟ್ ಮಾಡಿದ್ದೂ ಇದೆ. ಅದೇ ಇಶಾಪುರದಲ್ಲಿ ಲೈಸೆನ್ಸ್ ಇರುವ ಸಾಮಾನ್ಯರಿಗೆ ಅಂತ .315 ಬೋರಿನ ರೈಫಲ್ ಮಾಡ್ತಾರೆ. ನೋಡಲು ಇವೆಲ್ಲ ಒಂದೇ ಮನೆಯ ಮಕ್ಕಳು, ಆದರೆ ಮೊದಲನೆಯದು ಸೇನೆಯದ್ದು, ಎರಡನೆಯದು ರೈಫಲ್ಲೇ ಅಲ್ಲ, ಮೂರನೆಯದು ಸೇನೆಯದ್ದಲ್ಲ.

ಮುದ್ರೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಖೈಬರ್ ಕಡೆಯ ಕಮ್ಮಾರರು ಮಾಡಿದ ನಕಲುಗಳಲ್ಲಿ ಅಕ್ಷರ ತಿರುಗಾಮುರುಗಾ ಇರುತ್ತವೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ, ಅದಾದ ಮೇಲಿನ ಇಸವಿಯ ಜೊತೆ ಆಕೆಯ ವಿ.ಆರ್. ಮುದ್ರೆ ಕಂಡರೆ ನಕಲು ಅಂತಲೇ ಅಂದುಕೊಳ್ಳಿ.

ಇನ್ನು "ಐತಿಹಾಸಿಕ" ಅನ್ನೋದು. ನೆಟ್ಟಿನಲ್ಲಿ ಹುಡುಕಿದರೆ 1898ರದ್ದು ಅಥವಾ ಅದಕ್ಕೂ ಮುಂಚಿನದು, ಇಲ್ಲಾ 50 ವರ್ಷ ದಾಟಿದ್ದು ಅಂತ ಸಿಗುತ್ತದೆ. ಅದು ಅಮೆರಿಕದ ಕಾನೂನು, ನಮಗೆ ಸಂಬಂಧ ಇಲ್ಲ. ನಮ್ಮ 1959ರ ಆಯುಧ ಕಾಯ್ದೆಯ 45ನೇ ಕಲಂ ಹಳೆ ಆಯುಧಕ್ಕೆ ವಿನಾಯಿತಿ ಕೊಡೋದು ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲಾರದು ಅನ್ನುವಂತಿದ್ದರೆ ಮಾತ್ರ. ಹಾರುವ ಸ್ಥಿತಿಯಲ್ಲಿದ್ದರೆ ಅಜ್ಜನ ಕಾಲದ್ದಾದರೂ ಲೈಸೆನ್ಸ್ ಬೇಕು. .303 ಆಗಿದ್ದರೆ ಅದು ನಿಷೇಧಿತ ಬೋರು, ಇನ್ನೂ ಬಿಗಿ.

ನಮ್ಮ ಕಡೆ ಹಳೆ ಬಂದೂಕು ಸಿಗೋದೇ ಅಪರೂಪ. ಆಯುಧ ಒಪ್ಪಿಸಿ ಅಂದ ಕಾನೂನಿಗೆ ತಲೆಬಾಗದೆ 1857ರಲ್ಲಿ ಹಲಗಲಿಯ ಬೇಡರು ಪ್ರಾಣ ಕೊಟ್ಟ ನೆಲ ಇದು. ಹಾಗಾಗಿ ನಿಮ್ಮ ಮಾವನವರಿಗೆ ಹೇಳಿ, ಗುಜರಿಗೆ ಮಾತ್ರ ಹಾಕಬೇಡಿ. ಬಾಯಿಂದ ತುಂಬುವ ಬಂದೂಕಿನಲ್ಲಿ ಹಳೆ ಮದ್ದು ಹಾಗೇ ಉಳಿದಿರುವುದುಂಟು, ಆದ್ದರಿಂದ ನಳಿಗೆಯೊಳಗೆ ಇಣುಕೋದು, ಕುದುರೆ (ಬಂದೂಕಿನ ಹ್ಯಾಮರ್) ಎಳೆಯೋದು ಬೇಡ. ಮೊದಲು ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ಅಂಗಡಿಯವರಿಂದ ಖಾಲಿ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಆಮೇಲೆ ನಳಿಗೆಯ ಬಾಯಿ, ಕುದುರೆಯ ಪಕ್ಕದ ಲೋಹದ ತಗಡು, ಪಟ್ಟಿಗಳು, ಇವಿಷ್ಟರ ಫೋಟೋ ಹಾಕಿ. ಯಾವ ಮಾದರಿ ಅಂತ ಹೇಳೋಕೆ ಅಷ್ಟು ಸಾಕು.