ನಂಬಿಕೆ ಸರ್ವೆಲಿ ನಂಬರ್ ಯಾಕೆ ಹೀಗೆ ಏರ್ತಿದೆ: ಪ್ರತಿಕ್ರಿಯೆ

ನಿಮ್ಮ ಸರ್ವೆಲಿ ಸೇನೆ, ನಾಯಕರ ಮೇಲಿನ ನಂಬಿಕೆಯ ನಂಬರ್ ಯಾಕೆ ಏರ್ತಿದೆ ಅಂತ ಕೇಳಿದ್ರಲ್ಲ, ತೊಂದರೆ ಬಹುಶಃ ಪ್ರಶ್ನೆಲೇ ಇದೆ: "ಸೇನೆ ಮತ್ತು ದೇಶದ ನಾಯಕರ ಮೇಲೆ ನಂಬಿಕೆ ಇದೆಯಾ" ಅಂತ ಒಂದೇ ಉಸಿರಲ್ಲಿ ಕೇಳಿದ್ರೆ ಜನ ಯಾವುದಕ್ಕೆ ಹೌದು ಅಂದ್ರು ಅಂತ ಗೊತ್ತಾಗಲ್ಲ, ನಾನೂ ಇದೇ ತಪ್ಪು ಮಾಡಿ ಇಡೀ ಸರ್ವೆ ಮತ್ತೆ ಮಾಡಿದ್ದೆ. ಮೊದಲು ಅದನ್ನ ಎರಡು ಪ್ರಶ್ನೆ ಮಾಡಿ. ಆಮೇಲೆ ಅರ್ಧ ಜನಕ್ಕೆ ಸೇನೆದು ಮೊದಲು, ಉಳಿದೋರಿಗೆ ನಾಯಕರದ್ದು ಮೊದಲು ಕೇಳಿ, ಇಲ್ಲಾಂದ್ರೆ ಮೊದಲನೇ ಉತ್ತರದ ಮೂಡ್ ಎರಡನೇದಕ್ಕೂ ಅಂಟ್ಕೊಳ್ಳುತ್ತೆ. ಸರ್ವೆ ಮಾಡಿದ ತಾರೀಖು ಬರ್ಕೊಳ್ಳಿ, ಯಾಕಂದ್ರೆ ಯುದ್ಧದ ಟೈಮಲ್ಲಿ ನಾಯಕರ ನಂಬರ್ ಎಷ್ಟೋ ಸಲ ದಿಢೀರ್ ಏರುತ್ತೆ: 1991ರ ಗಲ್ಫ್ ಯುದ್ಧ ಮುಗಿದಾಗ ಗ್ಯಾಲಪ್ ಅನ್ನೋ ಸಮೀಕ್ಷಾ ಸಂಸ್ಥೆಯ ಸರ್ವೆಲಿ ಅಮೆರಿಕದ ಆಗಿನ ಅಧ್ಯಕ್ಷ ಹಿರಿಯ ಬುಷ್‌ಗೆ 89% ಬೆಂಬಲ ಇತ್ತು, ಆದ್ರೆ 1992ರಲ್ಲಿ ಎಲೆಕ್ಷನ್ನೇ ಸೋತ್ರು! ನಿಮ್ಮ ಏರಿಕೆಗೂ ಇದೇ ಕಾರಣ ಅಂತ ಖಚಿತವಾಗಿ ಹೇಳಕ್ಕಾಗಲ್ಲ, ಎರಡು ತಿಂಗಳು ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ ಹೋಲಿಸಿ ನೋಡಿ.