ಕೊಡಗಿನ ತೋಟದ ಮನೆಯಲ್ಲಿ ಗರ್ಭಿಣಿ: ಕಾಫಿ ಬಿಡಬೇಕೆ, ಮಳೆಗಾಲಕ್ಕೆ ಏನು ತಯಾರಿ?

ಐದನೆಯ ತಿಂಗಳು, ಮನೆ ಮಡಿಕೇರಿಯಿಂದ ದೂರದ ತೋಟದಲ್ಲಿದೆ, ಕಾಫಿಯನ್ನು ಪೂರ್ತಿ ಬಿಡಬೇಕೆ ಎಂದು ಕೇಳಿದ್ದೀರಿ. ಬೇಕಾಗಿಲ್ಲ. ಕೊಡಗಿನವರಿಗೆ ಹಾಗೆ ಹೇಳುವ ಧೈರ್ಯ ನನಗೂ ಇಲ್ಲ! ದಿನದ ಕೆಫೀನ್ 200 ಮಿಲಿಗ್ರಾಂ ದಾಟದಿರಲಿ. ಚಹಾದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ರೊಬಸ್ಟಾ ತಳಿಯ ಕಾಫಿಯಲ್ಲಿ ಅರೇಬಿಕಾ ತಳಿಯದಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ಮನೆಯ ಪುಡಿ ಯಾವುದೆಂದು ನೋಡಿಕೊಂಡು, ತೆಳುವಾಗಿ ಎರಡು ಸಣ್ಣ ಲೋಟ ಕುಡಿಯಿರಿ.

ಹೆಚ್ಚಿನವರು ತಪ್ಪುವುದು ಬೇರೆ ಕಡೆ. ಕಬ್ಬಿಣಾಂಶದ ಮಾತ್ರೆ ನುಂಗಿದ ಬೆನ್ನಿಗೇ ಕಾಫಿ ಕುಡಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬಿಡಿ. ಮಾತ್ರೆಯ ಜೊತೆ ಕೊಡಗಿನ ಕಿತ್ತಳೆಯೋ ನಿಂಬೆ ಪಾನಕವೋ ಇದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ.

ಪಂದಿ ಕರಿ (ಹಂದಿ ಮಾಂಸದ ಅಡುಗೆ) ಚೆನ್ನಾಗಿ ಬೆಂದಿದ್ದರೆ ತಿನ್ನಬಹುದು. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ನೆನೆಸಿ, ನೀರು ಚೆಲ್ಲಿ, ಪೂರ್ತಿ ಬೇಯಿಸಲೇಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಿ.

ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚುವುದು ನಿಮಗೆ ಹೊಸದಲ್ಲ. ಹೆರಿಗೆಯ ದಿನಾಂಕ ಆ ತಿಂಗಳುಗಳಲ್ಲಿ ಬಂದರೆ ಎರಡು ವಾರ ಮೊದಲೇ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಹೋಗಿ. ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ಮುಂದಿನ ತಿಂಗಳುಗಳಲ್ಲಿ ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.