ಡಾಲೋ ವಿಂಗ್‌ಬ್ಯಾಕ್ ಆಗಬಲ್ಲನೇ?

ಪ್ರಶ್ನೆ: ಸರ್, ಸುರತ್ಕಲ್‌ನಲ್ಲಿ ಒಂದೇ ರೂಮಿನಲ್ಲಿರುವ ನಾವು ಮೂವರೂ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು. 2024-25ರ ಸೀಸನ್ ಮುಗಿದರೂ ಡಿಯೊಗೊ ಡಾಲೋ ವಿಷಯದಲ್ಲಿ ನಮ್ಮ ಜಗಳ ಮುಗಿದಿಲ್ಲ. ಒಬ್ಬ ಹೇಳುವುದು, 'ಅವನನ್ನ ಮಾರಿಬಿಡಬೇಕು, ಒಂದು ಕ್ರಾಸ್ ನೆಟ್ಟಗೆ ಹಾಕಲ್ಲ.' ಇನ್ನೊಬ್ಬನ ಪ್ರಕಾರ, 'ಫುಲ್‌ಬ್ಯಾಕ್ ಆಡಿದವನಿಗೆ ವಿಂಗ್‌ಬ್ಯಾಕ್ ಏನು ಮಹಾ? ಹತ್ತು ಹೆಜ್ಜೆ ಮುಂದೆ ನಿಂತರಾಯ್ತು.' ನಾನು ಡಾಲೋ ಪರ, ಆದರೆ ವಾದಕ್ಕೆ ಸರಕು ಸಾಲುತ್ತಿಲ್ಲ. ನೀವೇನು ಹೇಳುತ್ತೀರಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಾನೂ ನಿಮ್ಮ ಪರ. ಮೊದಲು ನಿಮ್ಮ ಎರಡನೇ ಗೆಳೆಯರ ಮಾತಿಗೆ ಬರುತ್ತೇನೆ. ಜಗಳದ ಬೇರು ಇರುವುದು ಆ 'ಹತ್ತು ಹೆಜ್ಜೆ'ಯಲ್ಲಿ.

ಹಿಂದೆ ನಾಲ್ವರು ನಿಂತು ಆಡುವ ತಂಡದಲ್ಲಿ ಫುಲ್‌ಬ್ಯಾಕ್‌ನ, ಅಂದರೆ ಅಂಚಿನ ಡಿಫೆಂಡರ್‌ನ, ಮುಂದೆ ಒಬ್ಬ ವಿಂಗರ್, ಅಂದರೆ ಅಂಚಿನ ದಾಳಿಗಾರ, ಇರುತ್ತಾನೆ. ಎದುರಾಳಿಯ ಕಣ್ಣೆಲ್ಲ ಆ ವಿಂಗರ್ ಮೇಲೆ. ಫುಲ್‌ಬ್ಯಾಕ್ ಹಿಂದಿನಿಂದ ಓಡುತ್ತಲೇ ಬರುತ್ತಾನೆ, ವಿಂಗರ್‌ನ ಬೆನ್ನ ಹಿಂದೆ ಹಾದು ಹೊರಗಿನಿಂದ ಮುಂದೆ ಹೋಗುತ್ತಾನೆ. ಚೆಂಡು ಅವನಿಗೆ ಸಿಗುವಾಗ ಕಾಲಲ್ಲಿ ಆಗಲೇ ವೇಗವಿರುತ್ತದೆ, ಮುಖ ಗೋಲಿನ ಕಡೆ ತಿರುಗಿರುತ್ತದೆ. ಉಳಿಯುವ ಕೆಲಸ ಚೆಂಡನ್ನು ಗೋಲಿನ ಮುಂದಕ್ಕೆ ಹಾಕುವುದು, ಅಂದರೆ ಕ್ರಾಸ್, ಅಷ್ಟೇ. ನಾನು ಬೆಂಗಳೂರು ಲೀಗಿನಲ್ಲಿ ರೈಟ್‌ಬ್ಯಾಕ್ ಆಡುತ್ತಿದ್ದ ವರ್ಷಗಳಲ್ಲಿ ಅಶೋಕನಗರದ ಸ್ಟೇಡಿಯಂನಲ್ಲಿ ನನಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ನನ್ನ ಮುಂದಿದ್ದ ವಿಂಗರ್‌ಗೆ ಸಲ್ಲಬೇಕಾದದ್ದು. ಇಬ್ಬರನ್ನು ತನ್ನತ್ತ ಎಳೆದುಕೊಂಡು ನನಗೆ ದಾರಿ ಬಿಡಿಸುತ್ತಿದ್ದವನು ಅವನು.

ವಿಂಗ್‌ಬ್ಯಾಕ್‌ನ ಮುಂದೆ ಹಾಗೆ ಯಾರೂ ಇಲ್ಲ. ಹಿಂದೆ ನಡುವಿನ ಡಿಫೆಂಡರ್‌ಗಳಾದ ಮೂವರು ಸೆಂಟರ್‌ಬ್ಯಾಕ್‌ಗಳು, ಪಕ್ಕದಲ್ಲಿ ಗೆರೆ, 68 ಮೀಟರ್ ಅಗಲದ ಮೈದಾನದ ಒಂದು ಅಂಚಿಗೆ ಅವನೊಬ್ಬನೇ. ಎಷ್ಟೋ ಸಲ ನಿಂತಲ್ಲೇ, ಮೈ ಅಡ್ಡಕ್ಕಿರುವಾಗಲೇ ಅವನಿಗೆ ಚೆಂಡು ಬರುತ್ತದೆ, ಎದುರಿಗೆ ಎದುರಾಳಿ ಫುಲ್‌ಬ್ಯಾಕ್ ಸಿದ್ಧನಾಗಿ ಕಾದಿರುತ್ತಾನೆ. ಅವನನ್ನು ಒಂಟಿಯಾಗಿ ದಾಟಬೇಕು. ಇಲ್ಲವೇ ಚೆಂಡು ಆ ಬದಿಯಲ್ಲಿರುವಾಗ ಈ ಬದಿಯಿಂದ ಸ್ಟ್ರೈಕರ್‌ನ ಹಾಗೆ ದೂರದ ಕಂಬಕ್ಕೆ ನುಗ್ಗಬೇಕು. ಚೆಂಡು ಕಳೆದುಕೊಂಡರೆ ಎದುರಾಳಿ ಫುಲ್‌ಬ್ಯಾಕ್ ಮೇಲೆ ಮುನ್ನುಗ್ಗಬೇಕು, ಅಲ್ಲಿ ತಪ್ಪಿದರೆ ತಿರುಗಿ ಓಡಿ ಐದನೇ ಡಿಫೆಂಡರ್ ಆಗಿ ನಿಲ್ಲಬೇಕು. ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಒಳ್ಳೆಯ ಕವರ್ ಆಟಗಾರನನ್ನು ತಂದು ಕಾರ್ನರ್‌ನಲ್ಲಿ ನಿಲ್ಲಿಸಿದರೆ ಕೈಕಾಲು ಅವೇ, ಕೆಲಸ ಬೇರೆ.

ಈಗ ಡಾಲೋ ವಿಷಯ. 2018ರಲ್ಲಿ ಪೋರ್ಟೊದಿಂದ ಬಂದವನು, ಬಲಗಾಲಿನ ರೈಟ್‌ಬ್ಯಾಕ್. 2023-24ರಲ್ಲಿ ಯುನೈಟೆಡ್ ಆಟಗಾರರೇ ಮತ ಹಾಕಿ ವರ್ಷದ ಆಟಗಾರನೆಂದು ಆರಿಸಿದ್ದು ಇವನನ್ನು. ದಿನವೂ ಜೊತೆಯಲ್ಲಿ ಅಭ್ಯಾಸ ಮಾಡುವವರ ಆಯ್ಕೆ ಅದು, ಅದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. 2024ರ ನವೆಂಬರ್‌ನಲ್ಲಿ, ಹಿಂದೆ ಮೂವರನ್ನಿಟ್ಟು ವಿಂಗ್‌ಬ್ಯಾಕ್‌ಗಳನ್ನು ಆಡಿಸುವ ಕೋಚ್ ರೂಬೆನ್ ಅಮೊರಿಮ್ ಬಂದರು. ಸ್ಪೋರ್ಟಿಂಗ್ ತಂಡಕ್ಕೆ 2020-21ರಲ್ಲಿ 19 ವರ್ಷಗಳ ನಂತರ ಪೋರ್ಚುಗಲ್ ಲೀಗ್ ಗೆದ್ದುಕೊಟ್ಟವರು ಅವರು. ಆ ತಂಡದ ಅಂಚುಗಳಲ್ಲಿ ಎಡಗಾಲಿನ ನುನೊ ಮೆಂಡಿಸ್ ಎಡಕ್ಕೆ, ಬಲಗಾಲಿನ ಪೆಡ್ರೊ ಪೊರ್ರೊ ಬಲಕ್ಕೆ ಇದ್ದರು. ಯುನೈಟೆಡ್‌ನಲ್ಲಿ ಅಂಥವರು ಸಿದ್ಧವಿರಲಿಲ್ಲ. ಎಡಗಾಲಿನ ಲ್ಯೂಕ್ ಶಾ, ಮಲಾಸಿಯಾ ಇಬ್ಬರೂ ತಿಂಗಳುಗಟ್ಟಲೆ ಗಾಯದಿಂದ ಹೊರಗಿದ್ದವರು. ಹಾಗಾಗಿ ಡಾಲೋ ಎಡಕ್ಕೆ ಹೋದ.

ನವೆಂಬರ್ 24ರ ಇಪ್ಸ್‌ವಿಚ್ ಮ್ಯಾಚನ್ನು ಮೂವರೂ ಕೂತು ಇನ್ನೊಮ್ಮೆ ನೋಡಿ, ಅಮೊರಿಮ್ ಅವರ ಮೊದಲ ಮ್ಯಾಚು ಅದು. ಬಲಕ್ಕೆ ವಿಂಗ್‌ಬ್ಯಾಕ್ ಆಗಿ ನಿಂತವನು ಅಮಾದ್ ಡಿಯಾಲೊ, ಹುಟ್ಟಾ ವಿಂಗರ್. ಎರಡನೇ ನಿಮಿಷದಲ್ಲೇ ಅಂಚಿನಲ್ಲಿ ಓಡಿಹೋಗಿ ಚೆಂಡು ಒಳಗೆ ಹಾಕಿದ, ರ‍್ಯಾಶ್‌ಫರ್ಡ್ ಗೋಲು ಹೊಡೆದ. ಆಮೇಲೆ ಮ್ಯಾಚು 1-1 ಆಯಿತು. ಎಡಬದಿಯಲ್ಲಿ ಡಾಲೋಗೆ ಚೆಂಡು ಬಂದಾಗಲೆಲ್ಲ ಏನಾಯಿತೆಂದು ಗಮನಿಸಿ. ಬಲಗಾಲಿಗೆ ತೆಗೆದುಕೊಳ್ಳಲು ಒಳಕ್ಕೆ ತಿರುಗುತ್ತಾನೆ. ಎದುರಾಳಿಗೆ ಅದು ಗೊತ್ತು, ಆ ದಾರಿಗೇ ಅಡ್ಡ ನಿಲ್ಲುತ್ತಾನೆ. ಒಳಗೆ ನಮ್ಮವರೇ ಇಬ್ಬರು ಆಗಲೇ ನಿಂತಿದ್ದಾರೆ. ಜಾಗ ಮುಚ್ಚಿತು, ಚೆಂಡು ಹಿಂದಕ್ಕೆ ಸೆಂಟರ್‌ಬ್ಯಾಕ್‌ಗೆ ಹೋಯಿತು. ಆ ಸೀಸನ್ ಉದ್ದಕ್ಕೂ ನಿಮ್ಮ ಮೊದಲ ಗೆಳೆಯರ ತಾಳ್ಮೆ ಕೆಡಿಸಿದ್ದು ಈ ಒಂದೇ ದೃಶ್ಯ. ಕ್ರಾಸ್ ಹಾಕಲು ಬಾರದವನಂತೆ ಅವನು ಕಾಣುತ್ತಾನೆ. ಕ್ರಾಸ್ ಹಾಕುವ ಕಾಲು ಗೋಲಿನ ಕಡೆಗಿದೆ, ಗೆರೆಯ ಕಡೆಗಿಲ್ಲ, ತೊಂದರೆ ಅಷ್ಟೇ.

ಇನ್ನು 'ಮಾರಿಬಿಡಿ' ಅನ್ನುವವರಿಗೆ. ಯುನೈಟೆಡ್ ಆ ಸೀಸನ್ನಿನ ಪ್ರೀಮಿಯರ್ ಲೀಗಿನಲ್ಲಿ 38 ಮ್ಯಾಚುಗಳಲ್ಲಿ ಹೊಡೆದದ್ದು 44 ಗೋಲು, ಗಳಿಸಿದ್ದು 42 ಅಂಕ, ಸಿಕ್ಕಿದ್ದು 15ನೇ ಸ್ಥಾನ. ಮುಖ್ಯ ಸ್ಟ್ರೈಕರ್ ರಾಸ್ಮುಸ್ ಹೊಯ್ಲುಂಡ್ ಲೀಗಿನಲ್ಲಿ ಹೊಡೆದದ್ದು 4 ಗೋಲು. ಇಷ್ಟು ದೊಡ್ಡ ಬರವನ್ನು ಒಬ್ಬ ವಿಂಗ್‌ಬ್ಯಾಕ್‌ನ ತಲೆಗೆ ಕಟ್ಟುವುದು ಅನ್ಯಾಯ. ಹಾಗೆಂದು ಡಾಲೋನ ದೋಷಗಳನ್ನು ನಾನು ಮುಚ್ಚಿಡುವುದಿಲ್ಲ. ಮೊದಲ ಸ್ಪರ್ಶದಲ್ಲೇ ಹಿಂದಕ್ಕೆ ತಿರುಗುವ ಅಭ್ಯಾಸವಿದೆ. ಎದುರಾಳಿಯ ಪೆನಾಲ್ಟಿ ಪೆಟ್ಟಿಗೆಯ ಬಳಿ ಬಂದಾಗ ಅರ್ಧ ಸೆಕೆಂಡು ತಡವಾಗಿ ನಿರ್ಧರಿಸುತ್ತಾನೆ, ಪ್ರೀಮಿಯರ್ ಲೀಗಿನಲ್ಲಿ ಆ ಅರ್ಧ ಸೆಕೆಂಡು ಸಿಗುವುದಿಲ್ಲ. 2025ರ ಜನವರಿಯಲ್ಲಿ ಆರ್ಸೆನಲ್ ವಿರುದ್ಧದ ಎಫ್‌ಎ ಕಪ್ ಮ್ಯಾಚಿನಲ್ಲಿ ಎರಡನೇ ಹಳದಿ ಕಾರ್ಡ್ ತಿಂದು ಹೊರಬಿದ್ದ, ಉಳಿದ ಹತ್ತು ಮಂದಿ ಪೆನಾಲ್ಟಿವರೆಗೆ ತಡೆದು ನಿಂತು ಗೆದ್ದರು. ದುಡುಕು ಅವನಲ್ಲಿ ಉಂಟು.

ನಿಮ್ಮ ವಾದಕ್ಕೆ ಅತ್ಯಂತ ಗಟ್ಟಿ ಸರಕು ಇರುವುದು ಏಪ್ರಿಲ್ 17ರ ಯೂರೋಪಾ ಲೀಗ್‌ನ ಲಿಯಾನ್ ಮ್ಯಾಚಿನಲ್ಲಿ. ಅಷ್ಟು ಹೊತ್ತಿಗೆ ಲೆಚ್ಚೆಯಿಂದ ಪ್ಯಾಟ್ರಿಕ್ ಡೋರ್ಗು ಬಂದಿದ್ದ, ಎಡಗಾಲಿನ ಹುಡುಗ, ಎಡಕ್ಕೆ ನಿಂತ. ಡಾಲೋ ತನ್ನ ಬಲಬದಿಗೆ ಮರಳಿದ. ಮೊದಲರ್ಧ ಮುಗಿಯುವ ಹೊತ್ತಿಗೆ ಹ್ಯಾರಿ ಮಗ್ವಾಯರ್ ಹಿಂದಿನಿಂದ ಉದ್ದಕ್ಕೆ ಒಂದು ಚೆಂಡು ಕೊಟ್ಟ. ಡಾಲೋ ಡಿಫೆಂಡರ್‌ಗಳ ಹಿಂದೆ ನುಗ್ಗಿ ಬಲಗಾಲಿನಿಂದ ದೂರದ ಮೂಲೆಗೆ ಹೊಡೆದ, ಚೆಂಡು ಕಂಬಕ್ಕೆ ತಗುಲಿ ಒಳಹೋಯಿತು. ಆ ಮ್ಯಾಚು ಕೊನೆಗೆ 5-4 ಆಗಿ ಇತಿಹಾಸ ಸೇರಿದ್ದರಿಂದ ಎಲ್ಲರೂ ಮಗ್ವಾಯರ್‌ನ ಕೊನೆಯ ಹೆಡರನ್ನೇ ನೆನೆಯುತ್ತಾರೆ. ನಾನು ಡಾಲೋನ ಆ ಓಟವನ್ನು ನೆನೆಯುತ್ತೇನೆ. ನಿಂತು ಪಡೆದ ಚೆಂಡಲ್ಲ ಅದು, ಓಡುತ್ತಾ ಪಡೆದದ್ದು. ಅವನ ಬಲವಿರುವುದು ಅಲ್ಲೇ. ಎದುರಾಳಿ ಮೇಲೆ ಬಂದು ಆಡುವ ಮ್ಯಾಚಿನಲ್ಲಿ, ಅವರ ಹಿಂದೆ ಖಾಲಿ ಜಾಗ ಇರುವಾಗ, ಬಲಬದಿಯ ವಿಂಗ್‌ಬ್ಯಾಕ್ ಆಗಿ ಡಾಲೋ ಚೆನ್ನಾಗಿಯೇ ಆಡುತ್ತಾನೆ. ಎದುರಾಳಿ ಹತ್ತು ಮಂದಿಯನ್ನು ಗೋಲಿನ ಮುಂದೆ ಕಟ್ಟಿ ನಿಲ್ಲಿಸಿದ ದಿನ ಅಲ್ಲಿ ಅಮಾದ್ ಬೇಕು. ಎಡಕ್ಕೆ ಡಾಲೋ ಬೇರೆ ಗತಿಯಿಲ್ಲದಾಗ ಮಾತ್ರ. ಮೇ 21ರ ಯೂರೋಪಾ ಫೈನಲ್‌ನಲ್ಲಿ ಮಜ್ರೌಯಿ ಬಲಕ್ಕೂ ಡೋರ್ಗು ಎಡಕ್ಕೂ ಆಡಿದ್ದನ್ನು ನಿಮ್ಮ ಗೆಳೆಯರು ಎತ್ತಬಹುದು. ಡಾಲೋ ಆಗಷ್ಟೇ ಗಾಯದಿಂದ ಮರಳಿ ಬೆಂಚಿನಲ್ಲಿದ್ದ, ಅದು ಅವನ ಮೇಲಿನ ತೀರ್ಪಲ್ಲ.

ಇಂಥ ಜಗಳ ಟಾಟನ್‌ಹ್ಯಾಮ್ ಅಭಿಮಾನಿಗಳೂ ಮಾಡಿ ಮುಗಿಸಿದ್ದಾರೆ. 2021ರ ಆಗಸ್ಟ್ ಕೊನೆಗೆ ಬಾರ್ಸಿಲೋನಾದಿಂದ ಎಮರ್ಸನ್ ರೊಯಾಲ್ ಬಂದದ್ದು ರೈಟ್‌ಬ್ಯಾಕ್ ಆಗಿ. ನವೆಂಬರ್‌ನಲ್ಲಿ ಕೋಚ್ ಆಗಿ ಆಂಟೊನಿಯೊ ಕಾಂಟೆ ಬಂದು ಅವನನ್ನು ವಿಂಗ್‌ಬ್ಯಾಕ್ ಮಾಡಿದರು. ತಡೆಯುವುದರಲ್ಲಿ ಗಟ್ಟಿಗ, ಮುಂದೆ ಹೋದರೆ ಕೈಕಾಲು ಕಟ್ಟಿದಂತೆ. 2022ರ ಏಪ್ರಿಲ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧದ 5-1ರ ಗೆಲುವಿನಲ್ಲಿ ಮಾತ್ರ ಎಡಬದಿಯ ಮ್ಯಾಟ್ ಡೊಹರ್ಟಿ ಹಾಕಿದ ಚೆಂಡಿಗೆ ಬಲಬದಿಯಿಂದ ಬಂದು ಗೋಲು ಹೊಡೆದ. ಒಬ್ಬ ವಿಂಗ್‌ಬ್ಯಾಕ್ ಹಾಕಿ ಇನ್ನೊಬ್ಬ ಮುಗಿಸುವ ಆ ಗೋಲು ಕಾಂಟೆ ಆಟದ ಜೀವಾಳ. ಆದರೂ 2023ರ ಜನವರಿಯಲ್ಲಿ ಕ್ಲಬ್ಬು ಪೊರ್ರೊನನ್ನು ತಂದಿತು. ಡೊಹರ್ಟಿ ಕಥೆ ಇದರ ತಿರುವುಮುರುವು: ವುಲ್ವ್ಸ್‌ನಲ್ಲಿ ವಿಂಗ್‌ಬ್ಯಾಕ್ ಆಗಿ ಮಿಂಚಿದವನು ಟಾಟನ್‌ಹ್ಯಾಮ್‌ಗೆ ಬಂದು ನಾಲ್ವರ ಸಾಲಿನ ಫುಲ್‌ಬ್ಯಾಕ್ ಆದಾಗ ಮಂಕಾದ. ಚೆಲ್ಸಿಯಲ್ಲಿ ಇದೇ ಕಾಂಟೆ 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 3-0 ಸೋತ ಮೇಲೆ ಹಿಂದೆ ಮೂವರಿಗೆ ಬದಲಾಯಿಸಿ, ಬಲಕ್ಕೆ ವಿಕ್ಟರ್ ಮೋಸೆಸ್‌ನನ್ನು ಹಾಕಿದರು. ಆತ ವಿಂಗರ್. ಚೆಲ್ಸಿ ಸಾಲಾಗಿ 13 ಲೀಗ್ ಮ್ಯಾಚು ಗೆದ್ದು ಪ್ರಶಸ್ತಿ ಹೊತ್ತಿತು. ವಿಂಗರ್‌ಗೆ ಹಿಂದೆ ಓಡಲು ಕಲಿಸುವುದು ಫುಲ್‌ಬ್ಯಾಕ್‌ಗೆ ಎದುರಾಳಿಯನ್ನು ದಾಟಲು ಕಲಿಸುವುದಕ್ಕಿಂತ ಸುಲಭ ಎಂದು ನಾನು ನಂಬುವುದು ಇದಕ್ಕೇ. ಓಟ ಶ್ರಮದಿಂದ ಬರುತ್ತದೆ, ಡ್ರಿಬಲ್ ಬಾಲ್ಯದಲ್ಲೇ ಬಂದಿರಬೇಕು.

ಪ್ರಶ್ನೆ: ಬಲಗಾಲಿನವನು ಎಡಬದಿಯ ವಿಂಗ್‌ಬ್ಯಾಕ್ ಆಗಬಾರದು ಎಂದು ನೀವು ಹಿಂದೆಯೂ ಬರೆದಿದ್ದೀರಿ. ನಮ್ಮ ಬೆಂಗಳೂರು ಎಫ್‌ಸಿಯ ರೋಷನ್ ಸಿಂಗ್ ಆಡಲಿಲ್ಲವೇ?
– ಬಿಎಫ್‌ಸಿ ಅಭಿಮಾನಿ, ಬೆಂಗಳೂರು

ಉತ್ತರ: ಆಡಿದ, ಸೊಗಸಾಗಿ ಆಡಿದ. ಕೋಚ್ ಸೈಮನ್ ಗ್ರೇಸನ್ ಅವರ 2022-23ರ ತಂಡ ಹಿಂದೆ ಮೂವರನ್ನಿಟ್ಟು, ಬಲಕ್ಕೆ ಪ್ರಬೀರ್ ದಾಸ್, ಎಡಕ್ಕೆ ರೋಷನ್ ಇದ್ದು, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ವರೆಗೆ ಹೋಯಿತು. ಫತೋರ್ಡಾದಲ್ಲಿ 2-2 ಆಗಿ ಪೆನಾಲ್ಟಿಯಲ್ಲಿ ಸೋತ ಆ ರಾತ್ರಿಯ ಸಂಕಟ ನನಗೂ ಇದೆ. ರೋಷನ್‌ನ ವಿಷಯದಲ್ಲಿ ಬಲಗಾಲೇ ಅವನ ಆಯುಧ. ಎಡ ಅಂಚಿನಿಂದ ಗೋಲಿನ ಕಡೆಗೆ ಬಾಗುತ್ತಾ ಬರುವ ಚೆಂಡನ್ನು ಎತ್ತಿ ಹಾಕಬಲ್ಲವನು ಅವನು. ಅದಕ್ಕೆ ಅಂಚಿನ ಕೊನೆಯವರೆಗೆ ಹೋಗಬೇಕಾಗಿಲ್ಲ, ಎದುರಾಳಿಯನ್ನು ದಾಟಬೇಕಾಗಿಯೂ ಇಲ್ಲ. ಅರ್ಧ ಗಜ ಜಾಗ ಸಾಕು. ಡಾಲೋಗೆ ಬಲಗಾಲಿದೆ, ಆ ಬಾಗು ಇಲ್ಲ. ಹಾಗಾಗಿ ನಾನು 'ಆಗಬಾರದು' ಅನ್ನುವ ಮಾತನ್ನು ಈ ಮಟ್ಟಿಗೆ ಸಡಿಲಿಸುತ್ತೇನೆ: ಅಂಥ ಕ್ರಾಸ್ ಕಾಲಲ್ಲಿದ್ದವನು ಆಗಬಹುದು.

ಪ್ರಶ್ನೆ: ನೀವು ನೋಡಿದ ವಿಂಗ್‌ಬ್ಯಾಕ್‌ಗಳಲ್ಲಿ ಶ್ರೇಷ್ಠ ಯಾರು?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಕಫು. 2002ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಹಿಂದೆ ಮೂವರನ್ನಿಟ್ಟು ಆಡಿತು. ಎಡಕ್ಕೆ ರಾಬರ್ಟೊ ಕಾರ್ಲೊಸ್, ಬಲಕ್ಕೆ ನಾಯಕ ಕಫು. ಯೊಕೊಹಾಮಾದಲ್ಲಿ ಜರ್ಮನಿಯನ್ನು 2-0 ಸೋಲಿಸಿದ ಆ ತಂಡದಲ್ಲಿ ರೊನಾಲ್ಡೊ, ರಿವಾಲ್ಡೊ, ರೊನಾಲ್ಡಿನೊ ಮೂವರೂ ನಡುವೆ ನಿರಾಳವಾಗಿ ಆಡಲು ಸಾಧ್ಯವಾದದ್ದು ಎರಡೂ ಅಂಚನ್ನು ಇವರಿಬ್ಬರು ಹೊತ್ತಿದ್ದರಿಂದ.

ಪ್ರಶ್ನೆ: ಸರ್, ಕಾಲೇಜು ಟೀಮಿನಲ್ಲಿ ರೈಟ್‌ಬ್ಯಾಕ್ ಆಡುತ್ತಿದ್ದೆ. ಹೊಸ ಕೋಚ್ ಈ ವರ್ಷ ವಿಂಗ್‌ಬ್ಯಾಕ್ ಮಾಡಿದ್ದಾರೆ. ಎರಡು ಮ್ಯಾಚಿನಲ್ಲೂ ಕೆಟ್ಟದಾಗಿ ಆಡಿದೆ. ಜೊತೆಯವರೇ ಬೆಂಚಿಗೆ ಹೋಗು ಅನ್ನುತ್ತಿದ್ದಾರೆ. ಏನು ಮಾಡಲಿ?
– ಬಿ.ಕಾಂ. ವಿದ್ಯಾರ್ಥಿ, ಬೆಳಗಾವಿ

ಉತ್ತರ: ಎರಡು ಮ್ಯಾಚಿಗೆ ಯಾರ ಹಣೆಬರಹವೂ ತೀರ್ಮಾನವಾಗುವುದಿಲ್ಲ ತಮ್ಮಾ, ಧೈರ್ಯವಾಗಿರು. ಚೆಂಡು ಬರುವ ಮೊದಲೇ ಒಮ್ಮೆ ಭುಜದ ಮೇಲಿಂದ ಹಿಂದೆ ನೋಡುವುದನ್ನು ರೂಢಿಸಿಕೋ. ನಿನ್ನ ಮೇಲೆ ಬರುವವನು ಎಷ್ಟು ದೂರದಲ್ಲಿದ್ದಾನೆ ಎಂದು ಗೊತ್ತಿದ್ದರೆ ಮೊದಲ ಸ್ಪರ್ಶ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಚೆಂಡನ್ನು ಗೆರೆಯ ಕಡೆಯ ಕಾಲಿನಲ್ಲಿ ತೆಗೆದುಕೋ, ಮೈ ಮೈದಾನದ ಕಡೆ ತೆರೆದಿರಲಿ. ಚೆಂಡು ಎಡಬದಿಯಲ್ಲಿರುವಾಗ ನೋಡುತ್ತಾ ನಿಲ್ಲಬೇಡ. ದಾಳಿ ನಮ್ಮದಾದರೆ ದೂರದ ಕಂಬಕ್ಕೆ ಓಡು, ಅವರದಾದರೆ ಒಳಗೆ ಸರಿದು ಸೆಂಟರ್‌ಬ್ಯಾಕ್ ಪಕ್ಕಕ್ಕೆ ಬಾ. ನಿನ್ನ ಹಿಂದಿರುವ ಬಲಬದಿಯ ಸೆಂಟರ್‌ಬ್ಯಾಕ್ ಜೊತೆ ಮ್ಯಾಚಿಗೆ ಮುಂಚೆಯೇ ಮಾತಾಡಿಕೋ: ನೀನು ಮೇಲೆ ಹೋದಾಗ ಖಾಲಿ ಬೀಳುವ ಜಾಗಕ್ಕೆ ಅವನು ಬರುತ್ತಾನೋ, ಮಿಡ್‌ಫೀಲ್ಡರ್ ಬರುತ್ತಾನೋ? ಇದು ಗೊತ್ತಿಲ್ಲದ ವಿಂಗ್‌ಬ್ಯಾಕ್ ಹೆದರಿ ಹಿಂದೆಯೇ ಉಳಿಯುತ್ತಾನೆ, ಹಿಂದೆ ಉಳಿದರೆ ತಂಡಕ್ಕೆ ಆ ಅಂಚೇ ಇಲ್ಲದಂತಾಗುತ್ತದೆ.

ಜೊತೆಯವರ ಮಾತಿಗಿಂತ ಕೋಚ್ ಮಾತು ಮುಖ್ಯ. ಅವರನ್ನು ನೇರವಾಗಿ ಕೇಳು: 'ಸರ್, ನಾನು ಅಂಚಿನಲ್ಲಿ ಎದುರಾಳಿಯನ್ನು ದಾಟಬೇಕೋ, ಹಿಂದಿನಿಂದ ಓಡಿ ಬರಬೇಕೋ?' ಓಡಿ ಬರಬೇಕು ಅಂದರೆ, ನಿನ್ನ ಕಾಲಿಗೆ ಕೊಡುವ ಬದಲು ಮುಂದಿನ ಖಾಲಿ ಜಾಗಕ್ಕೆ ಚೆಂಡು ಹಾಕುವಂತೆ ಮಿಡ್‌ಫೀಲ್ಡರ್‌ಗಳಿಗೆ ಅವರೇ ಹೇಳಬೇಕು. ದಾಟಬೇಕು ಅಂದರೆ, ಅಭ್ಯಾಸ ಮುಗಿದ ಮೇಲೆ ನಿಮ್ಮ ತಂಡದ ಅತ್ಯುತ್ತಮ ಡಿಫೆಂಡರ್‌ನನ್ನು ಕರೆದುಕೊಂಡು ಗೆರೆಯ ಪಕ್ಕ ಒಬ್ಬರಿಗೊಬ್ಬರು ಆಡಿ, ಪ್ರತಿ ಸಲವೂ ನಿಂತ ಚೆಂಡಿನಿಂದಲೇ ಶುರು ಮಾಡಿ.